ಬುಧವಾರದ ಕೋಣೆ

ಸಮಾಲೋಚನಾ ಕೇಂದ್ರದ ಇತಿಹಾಸ ಬರೆದುಕೊಡಿ ಎಂದು ಕೇಳಿದರು. ಇತಿಹಾಸ ಬರೆಯುವಷ್ಟು ಓದಿದವಳಲ್ಲ ನಾನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿ ಮನೆಯಲ್ಲಿ ಕೂತವಳು. ನನಗೆ ಆದದ್ದನ್ನು ಬರೆಯಬಲ್ಲೆ. ಕೇಂದ್ರದ ಕಥೆ ಅದರೊಳಗೆ ಎಷ್ಟು ಬರುತ್ತದೋ ಅಷ್ಟು.

ಕೇಂದ್ರದ ಹೆಸರು, ನನ್ನ ಹೆಸರು, ಊರಿನ ಹೆಸರು ಇಲ್ಲಿ ಇರುವುದಿಲ್ಲ. ಅಲ್ಲಿಗೆ ಬರುವವರ ಹೆಸರನ್ನೇ ನಾವು ಪುಸ್ತಕದಲ್ಲಿ ಬರೆಯುವುದಿಲ್ಲ. ನಂಬರ್ ಹಾಕುತ್ತೇವೆ. ನನ್ನ ನಂಬರ್ 67.

ನನ್ನ ಮದುವೆ ಆದದ್ದು 2000ದಲ್ಲಿ. ತೆರಕಣಾಂಬಿಯಿಂದ ಒಳಗೆ ನಾಲ್ಕು ಕಿಲೋಮೀಟರ್ ದೂರದ ಊರು. ಯಜಮಾನರಿಗೆ ಒಂದೂವರೆ ಎಕರೆ ಮಳೆ ನಂಬಿದ ಹೊಲ ಇತ್ತು. ಆಮೇಲೆ ಸಾಲ ಮಾಡಿ ಒಂದು ಗೂಡ್ಸ್ ಟೆಂಪೋ ತೆಗೆದರು. ಗುಂಡ್ಲುಪೇಟೆ ಮಾರ್ಕೆಟ್‌ನಿಂದ ತರಕಾರಿ ತುಂಬಿಕೊಂಡು ಸುಲ್ತಾನ್ ಬತ್ತೇರಿಗೆ, ಕೆಲವು ದಿನ ಕಲ್ಲಿಕೋಟೆವರೆಗೂ ಹೋಗುತ್ತಿದ್ದರು. ನಮ್ಮ ಕಡೆಯ ಟೊಮೆಟೊ, ಬೀನ್ಸ್, ಕೋಸು ಬಹಳ ಮಟ್ಟಿಗೆ ಕೇರಳಕ್ಕೇ ಹೋಗುತ್ತದೆ. ಓಣಂ ಬಂದರೆ ಚೆಂಡುಹೂವೂ ಹೋಗುತ್ತದೆ. ದುಡಿಮೆ ಚೆನ್ನಾಗಿತ್ತು. 2002ರಲ್ಲಿ ಮಗಳು ಹುಟ್ಟಿದಳು.

ಆಗಲೇ ಕುಡಿಯುತ್ತಿದ್ದರು. ಪ್ಯಾಕೆಟ್ ಸಾರಾಯಿ. ಊರಲ್ಲಿ ಎಲ್ಲರೂ ಕುಡಿಯುತ್ತಿದ್ದರು, ಹಾಗಾಗಿ ಅದು ನನಗೆ ವಿಶೇಷ ಅನ್ನಿಸಲಿಲ್ಲ. ಹೊಡೆತ ಶುರುವಾದದ್ದು 2004ರ ಹೊತ್ತಿಗೆ. ಎಷ್ಟು ಸಲ, ಹೇಗೆ ಎಂದು ಬರೆಯುವುದಿಲ್ಲ. ಎಡಗಿವಿ ಈಗಲೂ ಸರಿಯಾಗಿ ಕೇಳುವುದಿಲ್ಲ, ಅಷ್ಟು ಹೇಳಿದರೆ ಸಾಕು.

2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ನಾನು ಮಾದಪ್ಪನಿಗೆ ತುಪ್ಪದ ದೀಪ ಹಚ್ಚಿದೆ. ಒಂದು ವಾರ ಮನೆ ತಣ್ಣಗಿತ್ತು. ಎರಡನೇ ವಾರ ಅವರು ಬ್ರಾಂದಿ ಅಂಗಡಿಗೆ ಹೋದರು. ಅದೇ ಅಮಲಿಗೆ ಎರಡು ಪಟ್ಟು ದುಡ್ಡು. ಮೊದಲು ದಿನದ ಬಾಡಿಗೆಯಲ್ಲಿ ಕಾಲು ಭಾಗ ಹೋಗುತ್ತಿದ್ದದ್ದು ಈಗ ಅರ್ಧ ಹೋಯಿತು.

2009ರಲ್ಲಿ ಬಂಡೀಪುರದ ರಸ್ತೆಯಲ್ಲಿ ರಾತ್ರಿ ಸಂಚಾರ ನಿಂತಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು. ಕಾಡುಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ಅದಕ್ಕೆ ಮಾಡಿದರು. ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ತರಕಾರಿ ಗಾಡಿಯವರ ಲೆಕ್ಕ ತಪ್ಪಿತು. ಸಂಜೆ ಮಾರ್ಕೆಟ್ಟಲ್ಲಿ ಲೋಡು ತಡವಾದರೆ ಮದ್ದೂರು ಚೆಕ್‌ಪೋಸ್ಟಿನಲ್ಲಿ ಬೆಳಗಿನ ತನಕ ಸಾಲಿನಲ್ಲಿ ನಿಲ್ಲಬೇಕು. ನಿಂತ ಗಾಡಿಯಲ್ಲಿ ಗಂಡಸರು ಏನು ಮಾಡುತ್ತಾರೆ? ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಇವರು ಸೀಟಿನ ಮೇಲೆ ಬಿದ್ದಿರುತ್ತಿದ್ದರು. ಬತ್ತೇರಿ ಮಂಡಿಯವರು ಇವರಿಗೆ ಲೋಡು ಕೊಡುವುದನ್ನು ಬಿಟ್ಟರು.

ಇನ್ನು ಮುಂದಿನದು ನಾನು ಬಹಳ ದಿನ ಯಾರಿಗೂ ಹೇಳದೆ ಇದ್ದ ವಿಷಯ.

2010ರಲ್ಲಿ, ಯುಗಾದಿ ಕಳೆದ ಮೇಲೆ, ಪ್ರೈವೇಟ್ ಬಸ್ಸಿನ ಹಿಂದೆ ಒಂದು ಚೀಟಿ ಅಂಟಿಸಿದ್ದು ನೋಡಿದೆ. ಕುಡಿಯುವವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸಲಾಗುವುದು ಎಂದು ಬರೆದಿತ್ತು, ಕೆಳಗೆ ಫೋನ್ ನಂಬರ್. ಕಿವಿಯ ಓಲೆ ಅಡವಿಟ್ಟು ಮೈಸೂರಿಗೆ ಹೋದೆ. ಒಂದು ಲಾಡ್ಜಿನ ಕೋಣೆಯಲ್ಲಿ ಒಬ್ಬಾತ ಕೂತಿದ್ದ. 1800 ರೂಪಾಯಿ ತೆಗೆದುಕೊಂಡು ಮೂವತ್ತು ಪೊಟ್ಟಣ ಬಿಳಿ ಪುಡಿ ಕೊಟ್ಟ. ದಿನಕ್ಕೊಂದು, ಸಾರಿನಲ್ಲಿ ಹಾಕು, ಹೇಳಬೇಡ ಎಂದ. ಅದು ಯಾವ ಔಷಧಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ.

ಮೂರು ದಿನ ಹಾಕಿದೆ. ಆ ಮೂರು ದಿನವೂ ಅವರ ಕೈಯಲ್ಲಿ ದುಡ್ಡಿರಲಿಲ್ಲ. ನಾಲ್ಕನೇ ದಿನ ಕುಡಿದು ಬಂದರು. ಬಂದು ಹತ್ತು ನಿಮಿಷಕ್ಕೆ ಮುಖ ಕೆಂಡದ ಹಾಗೆ ಆಯಿತು. ಬೆವರು, ವಾಂತಿ. ಎದೆ ಹಿಡಿದುಕೊಂಡು ನೆಲದ ಮೇಲೆ ಮಲಗಿದರು. ನಾನು ಎದೆಯ ಮೇಲೆ ಕೈ ಇಟ್ಟು ನೋಡಿದೆ. ಲೆಕ್ಕ ಹಿಡಿಯಲು ಆಗದಷ್ಟು ಜೋರಾಗಿ ಬಡಿಯುತ್ತಿತ್ತು. ಅಕ್ಕಪಕ್ಕದವರನ್ನು ಕರೆಯಲಿಲ್ಲ. ಕರೆದರೆ ಏನಾಯಿತು ಎಂದು ಕೇಳುತ್ತಾರೆ ಎಂಬ ಹೆದರಿಕೆ. ಬೆಳಗಿನ ಜಾವದ ತನಕ ಹಾಗೇ ಕೂತಿದ್ದೆ. ಅವರು ಉಳಿದರು. ಅಂಗಡಿಯವನು ಕಲಬೆರಕೆ ಮಾಲು ಕೊಟ್ಟ ಎಂದುಕೊಂಡರು. ಉಳಿದ ಪೊಟ್ಟಣಗಳನ್ನು ನಾನು ತಿಪ್ಪೆಯಲ್ಲಿ ಹೂತೆ.

ಅವತ್ತಿನಿಂದ ಅವರು ಹೊಡೆದರೆ ಸುಮ್ಮನೆ ಹೊಡೆಸಿಕೊಳ್ಳುತ್ತಿದ್ದೆ.

2011ರ ಜೂನ್‌ನಲ್ಲಿ ಫೈನಾನ್ಸಿನವರು ಟೆಂಪೋ ಎಳೆದುಕೊಂಡು ಹೋದರು. ಐದು ಕಂತು ಬಾಕಿ ಇತ್ತು. ಮೂರನೇ ದಿನ ಮಧ್ಯಾಹ್ನ ನಾನು ಕೂಲಿಗೆ ಹೋಗಿದ್ದೆ. ಅತ್ತೆ ಓಡಿ ಬಂದು, "ಬಾರವ್ವ, ಅವ್ನು ಏನೋ ಮಾಡ್ಕಬುಟ್ಟ ಕನ" ಎಂದರು. ಟೊಮೆಟೊಗೆ ಹೊಡೆಯಲು ತಂದಿಟ್ಟ ಔಷಧಿ ಕುಡಿದಿದ್ದರು. ಬಾಯಲ್ಲಿ ನೊರೆ. ಆ ವಾಸನೆ ಮನೆಯಲ್ಲೆಲ್ಲ ಇತ್ತು. ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಆಗ ಅವಳಿಗೆ ಒಂಬತ್ತು. ಅಪ್ಪನನ್ನು ಮೊದಲು ನೋಡಿದವಳು ಅವಳೇ.

108 ಬಂತು. ಗುಂಡ್ಲುಪೇಟೆಯಲ್ಲಿ ಹೊಟ್ಟೆ ತೊಳೆದರು. ಅಲ್ಲಿಂದ ಮೈಸೂರಿಗೆ 60 ಕಿಲೋಮೀಟರ್. ಆಂಬುಲೆನ್ಸಿನ ಹುಡುಗ ಇಡೀ ದಾರಿ ಒಂದು ಕೈಯಲ್ಲಿ ಅವರ ತಲೆ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಸೂಜಿ. ನಂಜನಗೂಡು ದಾಟಿದ ಮೇಲೆ, "ಅಕ್ಕ, ನೀರು ಕುಡೀರಿ" ಎಂದು ತನ್ನ ಬಾಟಲಿ ಕೊಟ್ಟ. ಬೆಳಗಿನಿಂದ ನಾನು ಏನೂ ಕುಡಿದಿರಲಿಲ್ಲ. ಅದು ಅವನಿಗೆ ಹೇಗೆ ಗೊತ್ತಾಯಿತೋ.

ಮೈಸೂರಿನ ಆಸ್ಪತ್ರೆಯಲ್ಲಿ 19 ದಿನ. ಅಟ್ರೋಪಿನ್ ಎಂಬ ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಕುಡಿತವೂ ಒಮ್ಮೆಗೇ ನಿಂತಿತ್ತಲ್ಲ, ಮೂರನೇ ದಿನ ಮೈ ನಡುಗಲು ಶುರುವಾಯಿತು. ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಕೂಗುತ್ತಿದ್ದರು. ಅಲ್ಲಿ ಇರುವೆ ಇರಲಿಲ್ಲ. ಕೈಕಾಲು ಮಂಚಕ್ಕೆ ಕಟ್ಟಿದರು. ಔಷಧಿಯಿಂದಲೂ ಹೀಗಾಗುತ್ತದೆ, ಕುಡಿತ ಬಿಟ್ಟದ್ದರಿಂದಲೂ ಆಗುತ್ತದೆ ಎಂದು ಡಾಕ್ಟರು ಹೇಳಿದರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಆಗ ಸಾಯಲು ಹೋಗುವುದೂ ಕೇಸು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಎಣಿಸಬೇಕು, ಶಿಕ್ಷಿಸಬಾರದು ಎಂದಾಯಿತು. ನಮ್ಮ ಕಾಲಕ್ಕೆ ಅದು ಇರಲಿಲ್ಲ.

ಎರಡು ಹಸು ಮಾರಿದೆವು. ನನ್ನ ಸರ ಮಾರಿ ತಾಳಿಯನ್ನು ಅರಿಸಿನದ ದಾರಕ್ಕೆ ಕಟ್ಟಿಕೊಂಡೆ. ನೋಡಲು ಬಂದ ನಾದಿನಿ ವಾರ್ಡಿನ ಎಲ್ಲರ ಎದುರು, "ನೀನೇ ಕನೇ ಕುಡ್ಸಿದ್ದು" ಎಂದಳು. ಅವಳು ಹೇಳಿದ್ದು ಔಷಧಿಯ ವಿಷಯ. ನನಗೆ ನೆನಪಾದದ್ದು ಬಿಳಿ ಪುಡಿ.

ರಾತ್ರಿ ಪಾಳಿಯ ಒಬ್ಬ ನರ್ಸ್ ಅದನ್ನು ಕೇಳಿಸಿಕೊಂಡಿದ್ದರು. ಡಿಸ್ಚಾರ್ಜಿನ ದಿನ ಮಾತ್ರೆಯ ಚೀಟಿಯ ಹಿಂದೆ ಬರೆದುಕೊಟ್ಟರು: ಗುಂಡ್ಲುಪೇಟೆ, ಚರ್ಚಿನ ಹಿಂದೆ, ಬುಧವಾರ, 10ರಿಂದ 4.

ಎರಡು ತಿಂಗಳು ನಾನು ಹೋಗಲಿಲ್ಲ. ಚರ್ಚಿಗೆ ಹೋದರೆ ಜಾತಿ ಕೆಡಿಸುತ್ತಾರೆ ಎಂದು ಅತ್ತೆ ಹೇಳಿದರು. ನಾವು ಮಾದಪ್ಪನ ಒಕ್ಕಲು. ಎರಡು ಸಲ ಗೇಟಿನವರೆಗೆ ಹೋಗಿ ವಾಪಸು ಬಂದೆ. ಮೂರನೇ ಸಲ ಮಳೆ ಜೋರಾಗಿತ್ತು. ನಿಲ್ಲಲು ಬೇರೆ ಜಾಗ ಇರಲಿಲ್ಲ, ಒಳಗೆ ಹೋದೆ.

ಹತ್ತಡಿಗೆ ಹನ್ನೆರಡಡಿ ಕೋಣೆ. ಹೆಂಚಿನ ಮಾಡು. ಮೂರು ಕುರ್ಚಿ, ಒಂದು ಮೇಜು, ಒಂದು ಬೀರು. ಗೋಡೆಯಲ್ಲಿ ಶಿಲುಬೆ. ಬೂದಿಬಣ್ಣದ ಸೀರೆ ಉಟ್ಟ ಸಿಸ್ಟರ್ ಒಬ್ಬರು ಕೂತಿದ್ದರು. ಮಂಗಳೂರು ಕಡೆಯವರು. "ಕೂತುಕೊಳ್ಳಿ. ಎಂತ ಆಯ್ತು?" ಎಂದರು. ಆ "ಎಂತ" ಕೇಳಿ ನಗು ಬಂತು. ನಮ್ಮ ಕಡೆ ಹಾಗೆ ಹೇಳುವುದಿಲ್ಲ. ನನ್ನಂಥವಳಿಗೆ ಯಾರೂ ನೀವು ಎಂದು ಹೇಳುವುದೂ ಇಲ್ಲ.

ಪ್ರಾರ್ಥನೆ ಮಾಡೋಣವೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಎದ್ದು ಬರುತ್ತಿದ್ದೆ. ಊರು, ಜಾತಿ ಕೇಳಲಿಲ್ಲ. ಪುಸ್ತಕದಲ್ಲಿ 67 ಎಂದು ಬರೆದರು. ಆ ವರ್ಷ ಬಂದವರಲ್ಲಿ ನಾನು 67ನೆಯವಳು. ನಾನು ಯಜಮಾನರ ಕುಡಿತ, ಆಸ್ಪತ್ರೆ, ಸಾಲ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ನಡುವೆ ಬಾಯಿ ಹಾಕಲಿಲ್ಲ. ಮುಗಿಯಿತು ಎಂದಾಗ, "ಮುಂದಿನ ಬುಧವಾರ ಬನ್ನಿ, ಬಸ್ ಚಾರ್ಜಿಗೆ ದುಡ್ಡು ಇದೆಯಾ?" ಎಂದರು. ಅಷ್ಟೇ. ಇದಕ್ಕೆ ಇಷ್ಟು ದೂರ ಬಂದೆನಾ ಎಂದು ಬೇಸರವಾಯಿತು. ಆದರೂ ಮುಂದಿನ ಬುಧವಾರ ಹೋದೆ.

ನಾಲ್ಕನೇ ಸಲ ಪುಡಿಯ ವಿಷಯ ಹೇಳಿದೆ. ಹೇಳುವಾಗ ಬಾಗಿಲು ನೋಡುತ್ತಿದ್ದೆ, ಪೊಲೀಸರು ಬರುತ್ತಾರೆ ಎನ್ನುವ ಹಾಗೆ. ಸಿಸ್ಟರ್ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅದು ಡೈಸಲ್ಫಿರಾಮ್ ಎಂಬ ಮಾತ್ರೆಯ ಪುಡಿ ಇದ್ದಿರಬಹುದು ಎಂದರು. ಡಾಕ್ಟರು ಅದನ್ನು ಕೊಡುತ್ತಾರೆ, ಆದರೆ ಕುಡಿಯುವವನಿಗೆ ತಿಳಿಸಿ, ಅವನು ಒಪ್ಪಿದ ಮೇಲೆ, ಎದೆ ಮತ್ತು ಪಿತ್ತಜನಕಾಂಗ ಪರೀಕ್ಷೆ ಮಾಡಿ ಕೊಡುತ್ತಾರೆ. ಮೈಯಲ್ಲಿ ಅದಿದ್ದಾಗ ಕುಡಿದರೆ ನೀವು ನೋಡಿದ ಹಾಗೇ ಆಗುತ್ತದೆ. ಜೀವ ಹೋಗುವುದೂ ಉಂಟು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇದೇ ಪುಡಿ ಹಾಕಿ ಇಲ್ಲಿಗೆ ಬಂದವರಲ್ಲಿ ನೀವು ಮೊದಲಿನವರಲ್ಲ" ಎಂದರು.

ಮನೆಗೆ ಬಂದು ರಾಗಿ ಬೀಸಿದೆ. ಆ ರಾತ್ರಿ ನಿದ್ದೆ ಬಂತು.

ಮಗಳ ವಿಷಯ ಹೇಳಬೇಕು. ಆ ಜೂನ್ ಆದ ಮೇಲೆ ಅವಳು ಮಾತು ಬಹಳ ಕಡಿಮೆ ಮಾಡಿದ್ದಳು. ಹಾಸಿಗೆ ಒದ್ದೆ ಮಾಡುತ್ತಿದ್ದಳು. ಅವಳನ್ನೂ ಕರೆದುಕೊಂಡು ಹೋದೆ. ಸಿಸ್ಟರ್ ಬಣ್ಣದ ಪೆನ್ಸಿಲ್ ಕೊಟ್ಟರು, ಅವಳು ಮುಟ್ಟಲಿಲ್ಲ. ಕಿಟಕಿಯ ಹತ್ತಿರ ಕೂತು ನೋಟ್‌ಬುಕ್ಕಿನಲ್ಲಿ ರಸ್ತೆಯಲ್ಲಿ ಹೋಗುವ ಗಾಡಿಗಳ ನಂಬರ್ ಬರೆಯುತ್ತಿದ್ದಳು. ಕೆಎ 10, ಕೆಎ 09, ಕೆಎಲ್ 12. ಪುಟಗಟ್ಟಲೆ. ಸಿಸ್ಟರ್ ಪಕ್ಕದಲ್ಲಿ ಕೂತು ತಾವೂ ಬರೆದರು. ಮೂರು ವಾರ ಇಬ್ಬರೂ ಅದನ್ನೇ ಮಾಡಿದರು. ಮೂರನೇ ವಾರ ಮಗಳು ಹೇಳಿದಳು: ಅಪ್ಪನ ಟೆಂಪೋ ಈ ರಸ್ತೆಯಲ್ಲಿ ಹೋಗುತ್ತದೆ, ಬೇರೆ ಯಾರೋ ಓಡಿಸುತ್ತಾರೆ. ಅದು ಮನೆಗೆ ವಾಪಸು ಬರುತ್ತದೆಯೋ ಇಲ್ಲವೋ ಎಂದು ಅವಳು ಕಾಯುತ್ತಿದ್ದಳು.

ಟೆಂಪೋ ಊರ ತಿರುವಿಗೆ ಬಂದಾಗಲೇ ಅವಳಿಗೆ ಗೊತ್ತಾಗುತ್ತಿತ್ತಂತೆ. ಗೇರ್ ಹಾಕುವ ಸದ್ದಿನಲ್ಲೇ ಅಪ್ಪ ಕುಡಿದಿದ್ದಾರೋ ಇಲ್ಲವೋ ಎಂದು ತಿಳಿಯುತ್ತಿತ್ತು. ಕುಡಿದಿದ್ದರೆ ಪುಸ್ತಕ ಎತ್ತಿಕೊಂಡು ಅಟ್ಟಕ್ಕೆ ಹೋಗುತ್ತಿದ್ದಳು. ಅವಳು ಓದಲು ಹೋಗುತ್ತಾಳೆ ಎಂದು ನಾನು ತಿಳಿದಿದ್ದೆ.

ಕೇಂದ್ರದ ಹಿಂದಿನ ಕಥೆ ಸಿಸ್ಟರ್ ಆಗಾಗ ಹೇಳಿದ್ದು. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ. ಮರುವರ್ಷ ಅಲ್ಲಿ, ಚರ್ಚಿನ ಕಾಂಪೌಂಡಿನಲ್ಲೇ, ಮೊದಲ ಕೋಣೆ ಶುರುವಾಯಿತು. ಆರಂಭದಲ್ಲಿ ಬಂದವರಲ್ಲಿ ಮಹದೇಶ್ವರ ಬೆಟ್ಟದ ಕಡೆಯ ಹೆಂಗಸರು ಇದ್ದರು. ಅದು ವೀರಪ್ಪನ್ ಕಾಲ. ಅವರ ಗಂಡಂದಿರು ಟಾಡಾ ಕೇಸಿನಲ್ಲಿ ಮೈಸೂರು ಜೈಲಿನಲ್ಲಿದ್ದರು. ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದರು. ಅರ್ಜಿ ಬರೆದ ಮೇಲೂ ಎದ್ದು ಹೋಗುತ್ತಿರಲಿಲ್ಲ, ಕೂತೇ ಇರುತ್ತಿದ್ದರು. ಅದನ್ನು ನೋಡಿ, ಇವರಿಗೆ ಅರ್ಜಿಯಷ್ಟೇ ಸಾಲದು ಎಂದು ತಿಳಿಯಿತು ಎಂದರು. ಗುಂಡ್ಲುಪೇಟೆಯ ಬುಧವಾರದ ಕೋಣೆ ಆಮೇಲೆ ಬಂದದ್ದು.

ತಪ್ಪುಗಳನ್ನೂ ಹೇಳಿದರು. ಮೊದಲ ವರ್ಷಗಳಲ್ಲಿ ಅಲ್ಲಿ ರಾಜಿ ಮಾಡಿಸುತ್ತಿದ್ದರು. ಗಂಡನನ್ನು ಕರೆಸಿ, ಇಬ್ಬರನ್ನೂ ಕೂರಿಸಿ, ಬುದ್ಧಿ ಹೇಳಿ ಕಳಿಸುವುದು. ಸಂಸಾರ ಉಳಿಯಬೇಕು ಎಂಬುದೇ ಗುರಿ. ಹಾಗೆ ಕಳಿಸಿದ ಒಬ್ಬಳು ಎಂಟು ದಿನಕ್ಕೆ ಕೈ ಮುರಿದುಕೊಂಡು ಬಂದಳು. "ನಾವೇ ಅವಳನ್ನು ಆ ಮನೆಗೆ ಕಳಿಸಿದ್ದು" ಎಂದರು ಸಿಸ್ಟರ್. ಆಮೇಲೆ ನಿಯಮ ಬದಲಾಯಿತು. ಹೆಂಗಸು ತಾನಾಗಿ ಕೇಳದೆ ಗಂಡನನ್ನು ಕರೆಸುವ ಹಾಗಿಲ್ಲ. ಕೌಟುಂಬಿಕ ಹಿಂಸೆಯ ಕಾಯ್ದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೇಲೆ, ಬೇಕೆಂದವರನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿ.ಡಿ.ಪಿ.ಓ.) ಆಫೀಸಿಗೆ ಕರೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಆ ಕಾಯ್ದೆಯ ಸಂರಕ್ಷಣಾಧಿಕಾರಿಗಳು ಅವರೇ. ನನ್ನನ್ನೂ ಕೇಳಿದರು. ನಾನು ಬೇಡ ಎಂದೆ. ಅದು ಸರಿಯೋ ತಪ್ಪೋ, ಆಗ ಹಾಗೆ ಅನ್ನಿಸಿತು.

ಯಜಮಾನರು ಆಸ್ಪತ್ರೆಯಿಂದ ಬಂದು ಏಳು ತಿಂಗಳು ಕುಡಿಯಲಿಲ್ಲ. ಎಂಟನೇ ತಿಂಗಳು ಶಿವರಾತ್ರಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ಹೋದವರು ಕುಡಿದೇ ಇಳಿದರು. 2012ರಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಸೇರಿದರು. ಹಾರ ಹಾಕಿ ಕಳಿಸಿದರು. ಏಳು ತಿಂಗಳು ಚೆನ್ನಾಗಿದ್ದರು. ಮತ್ತೆ ಶುರು. ಆ ಸಲ ನಾನು ಸಿಸ್ಟರ್ ಮುಂದೆ ಅವರು ಸತ್ತಿದ್ದರೇ ಚೆನ್ನಾಗಿತ್ತು ಎಂದೆ. ಹೇಳಿ ಬಾಯಿ ಮುಚ್ಚಿಕೊಂಡೆ. ಸಿಸ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ಹಾಗೆ ಅನ್ನಿಸುತ್ತದೆ" ಎಂದರು. ಇನ್ನೇನೂ ಹೇಳಲಿಲ್ಲ.

2013ರಲ್ಲಿ ಅವರೇ ಕೋಣೆಗೆ ಬಂದರು. ನಾನು ಕರೆದಿರಲಿಲ್ಲ. ಮಗಳು ಶಾಲೆಯ ಫಾರಂನಲ್ಲಿ ತಂದೆಯ ಕೆಲಸ ಎನ್ನುವ ಕಡೆ ಖಾಲಿ ಬಿಟ್ಟಿದ್ದಳು. ಮೇಷ್ಟ್ರು ಕರೆಸಿ ಕೇಳಿದಾಗ ಇವರಿಗೂ ಏನು ಬರೆಸಬೇಕು ಎಂದು ಹೊಳೆಯಲಿಲ್ಲವಂತೆ. ಮೈಸೂರಿನಲ್ಲಿ ಮೂರು ವಾರ ದಾಖಲಾದರು. ಬಿಟ್ಟಾಗ ಬರುವ ನಡುಕಕ್ಕೆ ಮಾತ್ರೆ, ವಿಟಮಿನ್ ಇಂಜೆಕ್ಷನ್. ಆಮೇಲೆ ಕುಡಿತ ಬಿಟ್ಟವರ ಸಭೆ. ಅಮೆರಿಕದಲ್ಲಿ 1935ರಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಸಭೆ ಅದು. ಅಲ್ಲಿಯೂ ಹೆಸರು ಕೇಳಿ ಬರೆದುಕೊಳ್ಳುವುದಿಲ್ಲ. ಮೈಸೂರಿಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಎರಡು ಸಲ ಮತ್ತೆ ಜಾರಿದರು. 2014ರ ದೀಪಾವಳಿಯಿಂದ ಈಚೆಗೆ ಕುಡಿದಿಲ್ಲ, ಒಂದು ಸಲದ ಹೊರತು. ಅದು ಮುಂದೆ ಬರುತ್ತದೆ.

ಕುಡಿತ ಬಿಟ್ಟ ಮೇಲೆ ಎಲ್ಲ ಸರಿಯಾಯಿತು ಎಂದು ಜನ ತಿಳಿಯುತ್ತಾರೆ. ಬಿಟ್ಟ ಮೊದಲ ವರ್ಷ ಮನೆಯಲ್ಲಿ ಮಾತೇ ಇರಲಿಲ್ಲ. ಏನು ಮಾತಾಡಬೇಕು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಕೈ ನಡುಗುವುದರಿಂದ ಅವರು ಗಾಡಿ ಓಡಿಸುವ ಹಾಗಿಲ್ಲ. ಬೇರೆಯವರ ಹೂವಿನ ಹೊಲದಲ್ಲಿ ಕೂಲಿಗೆ ಹೋಗುತ್ತಾರೆ. ಕ್ಷಮಿಸಿದೆಯಾ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಟ್ಟಿಗೆ ಊಟ ಮಾಡುತ್ತೇವೆ.

2016ರಲ್ಲಿ ಸಿಸ್ಟರ್ ನನ್ನನ್ನೂ ಇನ್ನಿಬ್ಬರನ್ನೂ ತರಬೇತಿಗೆ ಕಳಿಸಿದರು. ಶನಿವಾರ, ಭಾನುವಾರ, ಆರು ತಿಂಗಳು. ಕಲಿತದ್ದರಲ್ಲಿ ಕಷ್ಟವಾದದ್ದು ಒಂದೇ. ಬಂದವರಿಗೆ ನನ್ನ ಕಥೆ ಹೇಳಬಾರದು. ಅವಳು ಗಂಡ ಹೊಡೆದ ಎಂದ ಕೂಡಲೇ ನನಗೂ ಹಾಗೇ ಆಗಿತ್ತು ಕನವ್ವ ಎಂದು ಬಾಯಿಗೆ ಬರುತ್ತದೆ. ಅದನ್ನು ನುಂಗಬೇಕು. ನುಂಗುವುದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು.

2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ವಿಷ ಹಾಕಿದರು. ಗೋಪುರಕ್ಕೆ ಗುದ್ದಲಿಪೂಜೆಯ ದಿನ. 17 ಜನ ತೀರಿಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ ಮೊದಲು ಬಂದವರನ್ನು ಅಲ್ಲಿಂದ ಮೈಸೂರಿಗೆ ಕಳಿಸಿದರು. ಮೂರು ವಾರ ಕಳೆದ ಮೇಲೆ ಸಿಸ್ಟರ್ ಜೊತೆ ನಾನೂ ಬಿದರಹಳ್ಳಿ, ಎಂ.ಜಿ. ದೊಡ್ಡಿ ಕಡೆಗೆ ಹೋದೆ. ಒಂದು ಮನೆಯಲ್ಲಿ ಆಸ್ಪತ್ರೆಯಿಂದ ಬಂದ ಬಟ್ಟೆಗಂಟು ಮೂಲೆಯಲ್ಲಿ ಹಾಗೇ ಇತ್ತು. ಯಾರೂ ಬಿಚ್ಚಿರಲಿಲ್ಲ. ಅದೇ ವಾಸನೆ. ನಾನು ಹೊರಗೆ ಬಂದು ಹುಣಸೆಮರದ ಕೆಳಗೆ ಕೂತೆ. ಆ ಮನೆಯ ಅಜ್ಜಿಯೇ ನನಗೆ ನೀರು ತಂದುಕೊಟ್ಟರು. ಸಹಾಯ ಮಾಡಲು ಹೋದವಳು ನಾನು. ಅಜ್ಜಿ ಪಕ್ಕದಲ್ಲಿ ಕೂತು, "ನಿಮ್ಮನೇಲೂ ಆಗಿತ್ತಾ ಮಗ?" ಎಂದರು. ಆವತ್ತು ನಿಯಮ ಮುರಿದೆ. ಆಗಿತ್ತು ಎಂದೆ. ಇಬ್ಬರೂ ಬಹಳ ಹೊತ್ತು ಅಲ್ಲೇ ಇದ್ದೆವು. ಹೊರಡುವ ಮುಂಚೆ ಗಂಟು ಬಿಚ್ಚಿ ಬಟ್ಟೆ ಒಗೆದು ಹಾಕಿದೆವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಜೂನ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಕೊರೊನಾ ಒಂದೂ ಕೇಸಿರಲಿಲ್ಲ, ಹಸಿರು ಜಿಲ್ಲೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಬುಧವಾರದ ಕೋಣೆಗೆ ಬೀಗ. ನನ್ನ ಮೊಬೈಲಿಗೆ ಫೋನುಗಳು ಬರುತ್ತಿದ್ದವು. ಬ್ರಾಂದಿ ಅಂಗಡಿ ಮುಚ್ಚಿದ್ದರಿಂದ ಗಂಡಸರಿಗೆ ನಡುಕ, ಇಲ್ಲದ್ದು ಕಾಣುವುದು. ಇರುವೆ ಹರಿಯುತ್ತವೆ ಎನ್ನುತ್ತಾರಾ ಎಂದು ನಾನು ಕೇಳುತ್ತಿದ್ದೆ. ಹೌದು ಎಂದರೆ 108ಕ್ಕೆ ಫೋನ್ ಮಾಡಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎನ್ನುತ್ತಿದ್ದೆ. ಮೇ 4ಕ್ಕೆ ಅಂಗಡಿ ತೆಗೆದರು. ಊರಿನ ಗಂಡಸರೆಲ್ಲ ಸಾಲಿನಲ್ಲಿ ನಿಂತರು. ಯಜಮಾನರೂ ನಿಂತರು. ಕೂಲಿ ಇಲ್ಲದೆ ನಲವತ್ತು ದಿನ ಆಗಿತ್ತು. ನಾನು ಹೇಳಿದ ಆ ಒಂದು ಸಲ ಇದೇ. ಮಗಳು ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಅವರು ಬಂದಾಗ ಅಟ್ಟಕ್ಕೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು, "ಅಪ್ಪ, ನಾಳೆ ಸಿಸ್ಟರಿಗೆ ಫೋನ್ ಮಾಡು" ಎಂದಳು. ಮಾರನೇ ದಿನ ಮಾಡಿದರು.

2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ಕೊರೊನಾ ರೋಗಿಗಳು ಸತ್ತದ್ದು ನಿಮಗೆಲ್ಲ ಗೊತ್ತಿದೆ. ಆ ಮನೆಗಳ ಹೆಂಗಸರೂ ನಮ್ಮಲ್ಲಿಗೆ ಬಂದಿದ್ದಾರೆ. ಅವರ ಕಥೆ ಅವರದು. ನಾನು ಬರೆಯುವುದಿಲ್ಲ.

ಕೇಂದ್ರಕ್ಕೆ ದುಡ್ಡು ಬರುತ್ತಿದ್ದದ್ದು ಒಂದು ದೊಡ್ಡ ಸಂಸ್ಥೆಯ ಮೂಲಕ. ಅದಕ್ಕೆ ಹೊರದೇಶದ ದೇಣಿಗೆ ಬರುತ್ತಿತ್ತು, ಅದರಲ್ಲಿ ನಮಗೆ ಸ್ವಲ್ಪ ಕೊಡುತ್ತಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯ ಕಾನೂನು ತಿದ್ದಿದರು. ಪಡೆದವರು ಇನ್ನೊಬ್ಬರಿಗೆ ಹಂಚುವ ಹಾಗಿಲ್ಲ ಎಂದಾಯಿತು. ನಮ್ಮ ಪಾಲು ನಿಂತಿತು. ಚಾಮರಾಜನಗರದ ಕೋಣೆಯಲ್ಲಿ ಸಂಬಳಕ್ಕಿದ್ದ ಇಬ್ಬರು ಬಿಟ್ಟುಹೋದರು. ಮರುವರ್ಷ ಸಿಸ್ಟರಿಗೂ ವರ್ಗವಾಯಿತು. ಅವರ ಸಭೆಯ ಪದ್ಧತಿ ಅದು, ಹೇಳಿದ ಕಡೆ ಹೋಗಬೇಕು. ಹೋಗುವ ದಿನ ಬೀರುವಿನ ಕೀಲಿ ನನ್ನ ಕೈಗೆ ಕೊಟ್ಟು, ಮಳೆಗಾಲಕ್ಕೆ ಮುಂಚೆ ಹೆಂಚು ತಿರುಗಿಸಿ ಹಾಕಿಸಿ ಎಂದರು. ಅಷ್ಟೇ ಹೇಳಿದ್ದು. ನಾನು ಬಸ್ ಸ್ಟ್ಯಾಂಡಿನವರೆಗೆ ಅವರ ಪೆಟ್ಟಿಗೆ ಹೊತ್ತುಕೊಂಡು ಹೋದೆ.

2022ರಲ್ಲಿ ಮತಾಂತರದ ಕಾನೂನು ಬಂದ ಹೊಸದರಲ್ಲಿ ಕೆಲವರು ಕೋಣೆಗೆ ಬಂದರು. ಇಲ್ಲಿ ಏನು ನಡೆಯುತ್ತದೆ ಎಂದು ಕೇಳಿದರು. ನಾನು ಹಣೆಯ ಕುಂಕುಮ ತೋರಿಸಿ, ಹನ್ನೊಂದು ವರ್ಷದಿಂದ ಬರುತ್ತಿದ್ದೇನೆ, ಇನ್ನೂ ಮಾದಪ್ಪನ ಒಕ್ಕಲೇ ಎಂದೆ. ಪುಸ್ತಕ ತೋರಿಸು ಎಂದರು. ತೋರಿಸಿದೆ. ಬರೀ ನಂಬರ್ ನೋಡಿ ಹೋದರು. ಅವತ್ತು ಕಾಲು ನಡುಗಿತು. ಶಿಲುಬೆ ತೆಗೆದುಬಿಡೋಣವೇ ಎಂದು ನಮ್ಮಲ್ಲೇ ಒಬ್ಬಳು ಕೇಳಿದಳು. ಜಾಗ ಚರ್ಚಿನದು, ಕರೆಂಟು ಚರ್ಚಿನದು, ಅದು ಅಲ್ಲೇ ಇರಲಿ ಎಂದೆ.

ಈಗ ನಾವು ಮೂವರೇ ನಡೆಸುತ್ತೇವೆ. ಸಂಬಳ ಇಲ್ಲ. ಫಾದರ್ ಬಸ್ ಚಾರ್ಜು ಕೊಡುತ್ತಾರೆ. ನಮ್ಮ ಕೈಲಾಗದ್ದನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಕಳಿಸುತ್ತೇವೆ. ಸರ್ಕಾರದ ಟೆಲಿ ಮಾನಸ್ 14416 ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇವೆ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತದೆ. ಬುಧವಾರದ ತನಕ ಕಾಯಲಾಗದವರೇ ಹೆಚ್ಚು. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸಿನವರ ಕಾಟಕ್ಕೆ ಜಿಲ್ಲೆಯ ಕೆಲವು ಊರುಗಳಲ್ಲಿ ಮನೆಗೆ ಬೀಗ ಹಾಕಿ ಜನ ಹೊರಟುಹೋದರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆ ಎರಡು ತಿಂಗಳು ಕೋಣೆಯಲ್ಲಿ ಕುರ್ಚಿ ಸಾಲದೆ ಚರ್ಚಿನಿಂದ ಬೆಂಚು ತಂದು ಹಾಕಿದೆವು.

ಇದನ್ನು ಕಳಿಸುವ ಮುಂಚೆ ಯಜಮಾನರಿಗೆ ಓದಿ ಹೇಳಬೇಕು ಎಂದು ಮಗಳು ಹಟ ಹಿಡಿದಳು. ಅವಳು ಈಗ ನರ್ಸಿಂಗ್ ಮುಗಿಸಿ ಮೈಸೂರಿನಲ್ಲಿ ಕೆಲಸಕ್ಕಿದ್ದಾಳೆ. ಕಳೆದ ಭಾನುವಾರ ಓದಿದೆ. ಪುಡಿಯ ವಿಷಯ ಅವರಿಗೆ ಅವತ್ತಿನವರೆಗೆ ತಿಳಿದಿರಲಿಲ್ಲ. ಅದು ಬಂದಾಗ ನಾನು ತಲೆ ಎತ್ತದೆ ಓದಿದೆ. ಅವರು ಎದ್ದು ಹೊರಗೆ ಹೋದರು. ಹಸುವಿಗೆ ಹುಲ್ಲು ಹಾಕುವ ಸದ್ದು ಕೇಳಿಸಿತು. ಮಗಳು, "ಓದವ್ವ, ನಿಲ್ಲಿಸ್ಬೇಡ" ಎಂದಳು. ಅವಳೊಬ್ಬಳಿಗೇ ಓದಿದೆ. ಸ್ವಲ್ಪ ಹೊತ್ತಿಗೆ ಬಂದು ಹೊಸಲಿನ ಮೇಲೆ ಕೂತು ಉಳಿದದ್ದನ್ನು ಕೇಳಿದರು. ಮುಗಿದ ಮೇಲೆ ಏನಾದರೂ ತೆಗೆಯಬೇಕಾ ಎಂದು ಕೇಳಿದೆ.

"ಗಾಡಿ ನಂಬರ್ ಬರೀಬೇಡ" ಎಂದರು. "ಈಗ ಅದು ಬೇರೆಯವ್ರದು."